ಒಂದೇ ಕೋಣೆಯ ಇಬ್ಬರು: ಬರ್ ದುಬೈಯಲ್ಲಿ ವೀಸಾ, ದಂಡ ಮತ್ತು ದಾಂಪತ್ಯ



ಬರ್ ದುಬೈಯ ಅಲ್ ಹಮ್ರಿಯಾದಲ್ಲಿ ಭಾರತದ ಕಾನ್ಸುಲೇಟ್ ಇದೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಅಲ್ ಜಾಫಿಲಿಯಾದಲ್ಲಿ ದುಬೈಯ ವಾಸ ಮತ್ತು ವಿದೇಶಿಯರ ವ್ಯವಹಾರಗಳ ನಿರ್ದೇಶನಾಲಯವಿದೆ. ಜನ ಅದನ್ನು ಇಂದಿಗೂ 'ಇಮಿಗ್ರೇಶನ್' ಎಂದೇ ಕರೆಯುತ್ತಾರೆ. ಒಂದು ಕಚೇರಿ ಮನುಷ್ಯ ಯಾವ ದೇಶದವನೆಂದು ಹೇಳುತ್ತದೆ, ಇನ್ನೊಂದು ಅವನು ಎಷ್ಟು ದಿನ ಇಲ್ಲಿರಬಹುದೆಂದು ಹೇಳುತ್ತದೆ. ಈ ಎರಡರ ಸುತ್ತಮುತ್ತಲಿನ ಬೀದಿಗಳಲ್ಲಿ ಮೀನಾ ಬಜಾರಿನ ಬಟ್ಟೆ ಅಂಗಡಿಗಳು, ಉಡುಪಿಯವರ ಹೋಟೆಲುಗಳು, ಒಂದು ದಿರ್ಹಂಗೆ ಖಾಡಿ ದಾಟಿಸುವ ಅಬ್ರಾ ದೋಣಿಗಳು, ಮತ್ತು ಎಣಿಕೆಗೆ ಸಿಗದಷ್ಟು ಟೈಪಿಂಗ್ ಸೆಂಟರ್‌ಗಳು. ಕೊಲ್ಲಿಯ ಕನ್ನಡಿಗರ ಬದುಕಿನ ಅತ್ಯಂತ ಖಾಸಗಿ ಪ್ರಶ್ನೆಗಳು ಎಷ್ಟೋ ಸಲ ಮೊದಲು ಕೇಳಿಬರುವುದು ಈ ಟೈಪಿಂಗ್ ಸೆಂಟರ್‌ಗಳ ಪ್ಲಾಸ್ಟಿಕ್ ಕುರ್ಚಿಗಳ ಮೇಲೆಯೇ. ಮದುವೆಯಾದ ಹುಡುಗಿ ಬೇರೆ ದೇಶದವಳು, ಹಿಂದೊಮ್ಮೆ ವೀಸಾ ಅವಧಿ ಮೀರಿ ಉಳಿದಿದ್ದಳು, ಈಗ ಅವಳನ್ನು ಕರೆಸಿಕೊಳ್ಳಬಹುದೇ?

ಈ ಪ್ರಶ್ನೆಗೆ ಸಿಗುವ ಉತ್ತರಗಳಲ್ಲಿ ಹೆಚ್ಚಿನವು ತಪ್ಪು. 'ಒಮ್ಮೆ ಓವರ್‌ಸ್ಟೇ ಆದರೆ ಮುಗಿಯಿತು, ಜೀವನಪರ್ಯಂತ ಬ್ಯಾನ್' ಎನ್ನುವವರು ಒಂದು ಕಡೆ. 'ಅದೇನು ದೊಡ್ಡದಲ್ಲ, ಪಾಸ್‌ಪೋರ್ಟ್ ಬದಲಿಸಿದರಾಯಿತು, ದುಡ್ಡು ಕೊಡಿ, ಕ್ಲಿಯರ್ ಮಾಡಿಸುತ್ತೇವೆ' ಎನ್ನುವ ದಳ್ಳಾಳಿಗಳು ಇನ್ನೊಂದು ಕಡೆ. ಇಬ್ಬರ ಮಾತನ್ನೂ ಪಕ್ಕಕ್ಕಿಟ್ಟು ನೋಡಬೇಕಾದ ವಿಷಯ ಇದು.

ವಿವರಣೆಗಾಗಿ ಒಂದು ಕಲ್ಪನೆಯನ್ನು ಇಟ್ಟುಕೊಳ್ಳಬಹುದು. ಇಲ್ಲಿ ಬರುವವರು ಊಹೆಯ ವ್ಯಕ್ತಿಗಳು; ಆದರೆ ಅವರನ್ನು ಕಟ್ಟಿಹಾಕಿರುವ ನಿಯಮಗಳು ಊಹೆಯವಲ್ಲ. ಕುಂದಾಪುರದ ಕಡೆಯ ಒಬ್ಬ ಯುವಕ ಬರ್ ದುಬೈಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ, ತಿಂಗಳಿಗೆ 4,500 ದಿರ್ಹಂ ಸಂಬಳ. ಅವನ ಸಂಗಾತಿ ಫಿಲಿಪೀನ್ಸಿನವಳು. 2021ರಲ್ಲಿ ಮನೆಗೆಲಸಕ್ಕೆ ಬಂದವಳು. ಸಂಬಳ ನಿಂತುಹೋದ ಮೇಲೆ ಮರುವರ್ಷ ಆ ಮನೆಯಿಂದ ಹೊರಬಿದ್ದಳು. ಪಾಸ್‌ಪೋರ್ಟ್ ಮಾಲೀಕನ ಕಪಾಟಿನಲ್ಲೇ ಉಳಿಯಿತು. ಮಾಲೀಕ 'ಪರಾರಿ' ಎಂದು ದೂರು ಬರೆಸಿದ. ಮುಂದೆ ಎರಡು ವರ್ಷಕ್ಕೂ ಮಿಕ್ಕಿ ಅವಳು ಬೆಡ್‌ಸ್ಪೇಸ್‌ ಒಂದರಲ್ಲಿ, ದಾಖಲೆಯಿಲ್ಲದೆ, ದಿನಗೂಲಿಯ ಶುಚಿ ಕೆಲಸ ಮಾಡುತ್ತ ಬದುಕಿದಳು. ಪಕ್ಕದ ಮಂಚದಲ್ಲಿದ್ದವಳು ಅವಳದೇ ಊರಿನ ಇನ್ನೊಬ್ಬಳು, ಅದೇ ಕತೆಯವಳು. ಆ ಎರಡನೆಯವಳು 2024ರ ಆಗಸ್ಟಿನಲ್ಲಿ ತಪಾಸಣೆಯೊಂದರಲ್ಲಿ ಸಿಕ್ಕಿಬಿದ್ದು ಗಡೀಪಾರಾದಳು. ಮೊದಲನೆಯವಳು ಸೆಪ್ಟೆಂಬರ್ 1ರಂದು ಆರಂಭವಾದ ಸಾರ್ವತ್ರಿಕ ಕ್ಷಮಾದಾನದ ಅಡಿಯಲ್ಲಿ ಅಲ್ ಅವೀರ್‌ನ ಕೇಂದ್ರಕ್ಕೆ ಹೋಗಿ, ದಂಡ ಕಟ್ಟದೆ, ಎಕ್ಸಿಟ್ ಪರ್ಮಿಟ್ ಪಡೆದು ಊರಿಗೆ ಮರಳಿದಳು. ಒಂದೇ ಕೋಣೆ, ಒಂದೇ ಬಗೆಯ ತಪ್ಪು, ಕೆಲವೇ ದಿನಗಳ ಅಂತರ. ಮೊದಲನೆಯವಳಿಗೆ ಇಂದು ಮರಳುವ ದಾರಿ ತೆರೆದಿದೆ. ಎರಡನೆಯವಳಿಗೆ ಅದು ಹೆಚ್ಚುಕಡಿಮೆ ಮುಚ್ಚಿದೆ.

ಈ ಅಂತರ ಎಲ್ಲಿಂದ ಬಂತು ಎಂದು ತಿಳಿಯಲು, ಓವರ್‌ಸ್ಟೇ ಎಂಬುದು ಹೇಗೆ ಹುಟ್ಟುತ್ತದೆ ಎಂಬಲ್ಲಿಂದ ಶುರುಮಾಡಬೇಕು.

ಕೊಲ್ಲಿಯ ದೇಶಗಳಲ್ಲಿ ವಾಸದ ಹಕ್ಕು ವ್ಯಕ್ತಿಗೆ ಅಂಟಿಕೊಂಡಿರುವುದಿಲ್ಲ, ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕಫಾಲಾ ಎಂಬ ಈ ಪ್ರಾಯೋಜಕತ್ವದ ಪದ್ಧತಿಯಲ್ಲಿ ಮಾಲೀಕನೇ ಜಾಮೀನುದಾರ. ಅವನು ಕೈಬಿಟ್ಟ ದಿನದಿಂದ ಕಾರ್ಮಿಕನ ಗಡಿಯಾರ ಓಡತೊಡಗುತ್ತದೆ. ಕಾನೂನು ಇತ್ತೀಚೆಗೆ ಒಂದಿಷ್ಟು ಬದಲಾಗಿದೆ, ಅದನ್ನು ಹೇಳದಿರುವುದು ಅನ್ಯಾಯ. 2022ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಕಾರ್ಮಿಕ ಕಾನೂನು ಮಾಲೀಕರು ಕೆಲಸಗಾರರ ದಾಖಲೆಗಳನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿದೆ. ಮನೆಗೆಲಸದವರಿಗೆ 2022ರಲ್ಲಿ ಪ್ರತ್ಯೇಕ ಕಾನೂನು ಬಂತು. ವೀಸಾ ರದ್ದಾದ ಮೇಲೆ ಉಳಿಯಬಹುದಾದ ಅವಧಿ ಹಿಂದೆ ಬರೀ 30 ದಿನವಿತ್ತು. ಈಗ ವರ್ಗವನ್ನು ಅನುಸರಿಸಿ ಕೆಲವರಿಗೆ ಆರು ತಿಂಗಳವರೆಗೂ ಸಿಗುತ್ತದೆ. ಆದರೆ ಆ ಆರು ತಿಂಗಳು ಸಿಗುವುದು ಗೋಲ್ಡನ್, ಗ್ರೀನ್ ವೀಸಾದವರಂಥ ಮೇಲಿನ ವರ್ಗಗಳಿಗೆ. ಮನೆಯ ಬಾಗಿಲಿನ ಹಿಂದೆ ಏನು ನಡೆಯುತ್ತದೆ ಎಂಬುದನ್ನು ಯಾವ ಕಾನೂನೂ ಅಷ್ಟು ಸುಲಭವಾಗಿ ಇಣುಕಿ ನೋಡಲಾರದು.

ಕಳಿಸುವ ದೇಶಗಳ ಪಾಲೂ ಇದರಲ್ಲಿ ಸಣ್ಣದಲ್ಲ. ಹತ್ತನೆಯ ತರಗತಿ ದಾಟದ ಭಾರತೀಯ ಮಹಿಳೆ 30 ವರ್ಷ ತುಂಬದೆ ಮನೆಗೆಲಸಕ್ಕೆ ಕೊಲ್ಲಿಗೆ ಹೋಗುವಂತಿಲ್ಲ ಎಂಬುದು ಭಾರತದ ನಿಯಮ. ನೇಪಾಳ ಹೆಣ್ಣುಮಕ್ಕಳನ್ನು ಮನೆಗೆಲಸಕ್ಕೆ ಕಳಿಸುವುದನ್ನೇ ಹಲವು ಬಾರಿ ನಿಷೇಧಿಸಿದೆ. ರಕ್ಷಣೆಯ ಹೆಸರಿನ ಈ ನಿಯಮಗಳ ಫಲವೇನೆಂದರೆ, ಹಸಿವು ನಿಯಮಕ್ಕಾಗಿ ಕಾಯದೆ ವಿಸಿಟ್ ವೀಸಾದಲ್ಲಿ ಹೊರಟುಬಿಡುತ್ತದೆ. ಬಂದ ಮೂವತ್ತನೆಯ ಅಥವಾ ಅರವತ್ತನೆಯ ದಿನ ಆ ಹೆಂಗಸು 'ಅಕ್ರಮ' ಎನಿಸಿಕೊಳ್ಳುತ್ತಾಳೆ. ಅವಳನ್ನು ಕಾಪಾಡಲು ಬರೆದ ಕಾಗದವೇ ಅವಳನ್ನು ಕಾನೂನಿನ ಹೊರಗೆ ನೂಕುತ್ತದೆ.

ಹಳಬರಿಗೆ ಕೀಶ್ ದ್ವೀಪದ ನೆನಪಿರುತ್ತದೆ. ವಿಸಿಟ್ ವೀಸಾ ಮುಗಿದವರು ಹೊರಹೋಗಿ ಹೊಸ ವೀಸಾದೊಂದಿಗೆ ಬರಬೇಕಾಗಿದ್ದ ದಿನಗಳಲ್ಲಿ ಫಿಲಿಪೀನ್ಸಿನವರು, ಭಾರತೀಯರು ಸಣ್ಣ ವಿಮಾನ ಹತ್ತಿ ಇರಾನಿನ ಆ ದ್ವೀಪಕ್ಕೆ ಹೋಗಿ ಕುಳಿತಿರುತ್ತಿದ್ದರು. ಎರಡು ದಿನದ ಬಟ್ಟೆ ತೆಗೆದುಕೊಂಡು ಹೋದವರು ವಾರಗಟ್ಟಲೆ ಕಾದದ್ದುಂಟು. ಈಗ ಬಹುತೇಕ ಪ್ರಕರಣಗಳಲ್ಲಿ ದೇಶದೊಳಗಿದ್ದೇ ವೀಸಾ ಬಗೆ ಬದಲಾಯಿಸಿಕೊಳ್ಳಬಹುದು. ಕೀಶ್ ಮರೆತುಹೋಗಿದೆ. ಕಾಯುವಿಕೆ ಮಾತ್ರ ದ್ವೀಪದಿಂದ ಬೆಡ್‌ಸ್ಪೇಸಿಗೆ ಸ್ಥಳಾಂತರವಾಗಿದೆ.

ಇನ್ನು ದಂಡದ ಲೆಕ್ಕ. 2022ರ ಕೊನೆಯ ಭಾಗದಿಂದ, ವಿಸಿಟ್ ಇರಲಿ ವಾಸದ ವೀಸಾ ಇರಲಿ, ಅವಧಿ ಮೀರಿದ ಪ್ರತಿ ದಿನಕ್ಕೆ 50 ದಿರ್ಹಂ. ಕೇಳಲು ಸಣ್ಣ ಮೊತ್ತ. ವರ್ಷಕ್ಕೆ 18,250, ಎರಡು ವರ್ಷಕ್ಕೆ 36,500. ತನ್ನ ಮನೆಗೆಲಸದವರಿಗೆ ಕನಿಷ್ಠ 400 ಡಾಲರ್ ಸಂಬಳವಿರಬೇಕೆಂದು ಫಿಲಿಪೀನ್ಸ್ ಸರ್ಕಾರ 2006ರಲ್ಲಿ ಗೊತ್ತುಮಾಡಿತ್ತು; ದಿರ್ಹಂ ಲೆಕ್ಕದಲ್ಲಿ ಅದು ಸುಮಾರು 1,470. ಎರಡು ವರ್ಷದ ದಂಡ ಎರಡು ವರ್ಷದ ಸಂಬಳಕ್ಕಿಂತ ಹೆಚ್ಚು. ಒಂದು ಬಿಡಿಕಾಸೂ ಖರ್ಚು ಮಾಡದೆ, ಊರಿಗೆ ಒಂದು ಪೈಸೆಯೂ ಕಳಿಸದೆ ದುಡಿದರೂ ಅವಳು ಅದನ್ನು ತೀರಿಸಲಾರಳು. ತೀರಿಸಲಾಗದ ದಂಡ ಹೊರಹೋಗಲು ಬಿಡುವುದಿಲ್ಲ, ಹೊರಹೋಗದಿದ್ದರೆ ದಂಡ ಬೆಳೆಯುತ್ತದೆ. ಶಿಕ್ಷೆಯೇ ಅಪರಾಧವನ್ನು ಮುಂದುವರಿಸುವ ಇಂಥ ವ್ಯವಸ್ಥೆಗೆ ನ್ಯಾಯಶಾಸ್ತ್ರದಲ್ಲಿ ಯಾವ ಹೆಸರಿದೆಯೋ, ಊರಿನ ಬಡ್ಡಿ ವ್ಯವಹಾರ ಕಂಡವರಿಗೆ ಅದರ ಹೆಸರು ಚೆನ್ನಾಗಿ ಗೊತ್ತು.

ಈಗ ಎಲ್ಲರೂ ಕಲಸಿಬಿಡುವ ಮೂರು ಮಾತುಗಳಿಗೆ ಬರಬೇಕು: ದಂಡ, ಪ್ರವೇಶ ನಿಷೇಧ, ಗಡೀಪಾರು. ಟೈಪಿಂಗ್ ಸೆಂಟರಿನಲ್ಲಿ ಈ ಮೂರಕ್ಕೂ 'ಬ್ಯಾನ್' ಎಂಬ ಒಂದೇ ಶಬ್ದ ಸಾಕಾಗುತ್ತದೆ. ಕಾನೂನಿಗೆ ಅವು ಮೂರೂ ಬೇರೆ ಬೇರೆ. ದಂಡ ಎಂಬುದು ಸಾಲದಂತೆ. ಕಟ್ಟಿದರೆ ಅಥವಾ ಮನ್ನಾ ಆದರೆ ತೀರಿತು. ದಂಡ ಕಟ್ಟಿ ತಾನಾಗಿ ಹೊರಹೋದವರ ಮೇಲೆ ಸಾಮಾನ್ಯವಾಗಿ ಮರುಪ್ರವೇಶದ ನಿಷೇಧ ಬೀಳುವುದಿಲ್ಲ. ಅವರ ಕಡತದಲ್ಲಿ ಹಳೆಯ ಗೆರೆ ಉಳಿದಿರುತ್ತದೆ, ಅಧಿಕಾರಿಗೆ ಅದು ಕಾಣುತ್ತದೆ, ಅಷ್ಟೆ. ಇನ್ನು ನಿಷೇಧ. ಅದರಲ್ಲಿ ಕೆಲಸದ ನಿಷೇಧವೇ ಬೇರೆ, ಪ್ರವೇಶದ ನಿಷೇಧವೇ ಬೇರೆ. ಕಾರಣವಿಲ್ಲದೆ ಕೆಲಸ ಬಿಟ್ಟುಹೋದ ಎಂದು ಸಾಬೀತಾದವನಿಗೆ ಕಾರ್ಮಿಕ ಕಾನೂನಿನ ಪ್ರಕಾರ ಒಂದು ವರ್ಷ ಹೊಸ ಕೆಲಸದ ಪರವಾನಗಿ ಸಿಗುವುದಿಲ್ಲ. ಅದು ಕೆಲಸದ ಬಾಗಿಲಿನ ಬೀಗ. ಗಂಡನ ಪ್ರಾಯೋಜಕತ್ವದಲ್ಲಿ ಹೆಂಡತಿಯಾಗಿ ಬರುವುದಕ್ಕೆ ಅದೊಂದೇ ತಾನಾಗಿ ಅಡ್ಡಿಯಾಗಬೇಕಿಲ್ಲ. ಎಷ್ಟೋ ಜೋಡಿಗಳು ಈ ವ್ಯತ್ಯಾಸ ತಿಳಿಯದೆ ಅರ್ಜಿಯನ್ನೇ ಹಾಕದೆ ವರ್ಷಗಳನ್ನು ಕಳೆದಿರುತ್ತವೆ.

ಗಡೀಪಾರು ಈ ಎರಡಕ್ಕಿಂತಲೂ ಕಠಿಣ. ನ್ಯಾಯಾಲಯದ ಆದೇಶದಿಂದ ಆದದ್ದಿರಲಿ, ಆಡಳಿತದ ಆದೇಶದಿಂದ ಆದದ್ದಿರಲಿ, ಒಮ್ಮೆ ಗಡೀಪಾರಾದ ವಿದೇಶಿ ಮರಳಿ ಬರಬೇಕಾದರೆ ಪ್ರಾಧಿಕಾರದ ಮುಖ್ಯಸ್ಥರ ವಿಶೇಷ ಅನುಮತಿ ಬೇಕು. ಮದುವೆಯ ಪ್ರಮಾಣಪತ್ರ, ಮಗುವಿನ ಜನನಪತ್ರ, ಗಂಡನ ಸಂಬಳದ ಚೀಟಿ, ಮಾಲೀಕನ ಪತ್ರ ಎಲ್ಲವನ್ನೂ ಲಗತ್ತಿಸಿ ಮನವಿ ಸಲ್ಲಿಸಬಹುದು, ಕೊಡಲೇಬೇಕೆಂಬ ನಿಯಮವಿಲ್ಲ. ನಿರಾಕರಣೆಗೆ ಸಾಮಾನ್ಯವಾಗಿ ಕಾರಣವನ್ನೂ ಹೇಳುವುದಿಲ್ಲ. ಎರಡನೆಯ ಹೆಂಗಸು ಸಿಲುಕಿರುವುದು ಇಲ್ಲಿ.

ಆದ್ದರಿಂದ ವಿಮಾನದ ಟಿಕೆಟು, ಮದುವೆಯ ಹಾಲು ಇವುಗಳಿಗೆ ಮುಂಗಡ ಕೊಡುವ ಮೊದಲು ಅವಳ ಹೆಸರಿನ ಮೇಲೆ ಏನು ಉಳಿದಿದೆ ಎಂಬುದನ್ನು ತಿಳಿಯುವುದೇ ಮೊದಲ ಕೆಲಸ. ದುಬೈಯಲ್ಲಿ ವೀಸಾ ಆಗಿದ್ದರೆ ಆಮೆರ್ ಕೇಂದ್ರದಲ್ಲಿ ಅಥವಾ ನೇರ ನಿರ್ದೇಶನಾಲಯದಲ್ಲಿ, ಬೇರೆ ಎಮಿರೇಟಿನದಾಗಿದ್ದರೆ ಐಸಿಪಿ ಎಂಬ ಫೆಡರಲ್ ಪ್ರಾಧಿಕಾರದಲ್ಲಿ ವಿಚಾರಿಸಬೇಕು. ಇವೆರಡೂ ಬೇರೆ ವ್ಯವಸ್ಥೆಗಳು. ಶಾರ್ಜಾದಲ್ಲಿ ಆದ ವೀಸಾದ ಬಾಕಿಯನ್ನು ಜಾಫಿಲಿಯಾದಲ್ಲಿ ಕೇಳಿ 'ಏನೂ ಇಲ್ಲ' ಎಂದು ನಿಶ್ಚಿಂತರಾಗುವಂತಿಲ್ಲ. ಹಳೆಯ ಪಾಸ್‌ಪೋರ್ಟಿನ ಪ್ರತಿ, ಹಳೆಯ ವೀಸಾದ ಸಂಖ್ಯೆ, ಎಕ್ಸಿಟ್ ಪರ್ಮಿಟ್ ಇವುಗಳನ್ನು ಯಾರೂ ಎಸೆಯಬಾರದು. ಬಡವರ ಮನೆಯಲ್ಲಿ ಕಾಗದ ಜೋಪಾನ ಮಾಡುವ ಕಪಾಟು ಇರುವುದಿಲ್ಲ ನಿಜ, ಆದರೂ.

ಹೊಸ ಪಾಸ್‌ಪೋರ್ಟ್, ಹೆಸರಿನಲ್ಲಿ ಒಂದಕ್ಷರದ ಬದಲಾವಣೆ ಎಂಬ ಉಪಾಯದ ಬಗ್ಗೆ ಎರಡು ಮಾತು. ಹಿಂದೆ ಇದು ನಡೆಯುತ್ತಿತ್ತು. ಗಡೀಪಾರಾದವರು ಬೇರೆ ಹೆಸರಿನಲ್ಲಿ ಮರಳುತ್ತಾರೆಂದೇ ಯುಎಇ 2000ದ ದಶಕದ ಆರಂಭದಲ್ಲಿ ಗಡಿಗಳಲ್ಲಿ ಕಣ್ಣಿನ ಪಾಪೆಯ ಸ್ಕ್ಯಾನ್ ಜಾರಿಗೆ ತಂದಿತು. ಇಷ್ಟು ದೊಡ್ಡ ಪ್ರಮಾಣದಲ್ಲಿ ಅದನ್ನು ಬಳಸಿದ ಮೊದಲ ದೇಶಗಳಲ್ಲಿ ಅದೂ ಒಂದು. ಅಂದಿನಿಂದ ಹೆಸರು ಬದಲಿಸಿ ಪ್ರಯೋಜನವಿಲ್ಲ. ಸುಳ್ಳು ಸಿಕ್ಕಿಬಿದ್ದರೆ, ದಂಡದಲ್ಲಿ ಮುಗಿಯಬಹುದಾಗಿದ್ದ ಪ್ರಕರಣ ಗಡೀಪಾರಿಗೆ ತಿರುಗುತ್ತದೆ. ದಳ್ಳಾಳಿ ಅಷ್ಟರಲ್ಲಿ ಫೋನ್ ನಂಬರ್ ಬದಲಿಸಿರುತ್ತಾನೆ.

ಗೆಳೆಯರೇ, ಕ್ಷಮಾದಾನದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಯುಎಇ 1996, 2003, 2007, 2012-13, 2018, 2024ರಲ್ಲಿ ಸಾರ್ವತ್ರಿಕ ಕ್ಷಮಾದಾನ ಘೋಷಿಸಿದೆ. 2018ರಲ್ಲಿ ಆಗಸ್ಟಿನಿಂದ ಡಿಸೆಂಬರ್‌ವರೆಗೆ ಇದ್ದ ಯೋಜನೆಯಲ್ಲಿ ಕೆಲಸ ಹುಡುಕಲು ಆರು ತಿಂಗಳ ವೀಸಾ ಕೂಡ ಕೊಟ್ಟರು. 2024ರದು ಎರಡು ತಿಂಗಳೆಂದು ಶುರುವಾಗಿ ಡಿಸೆಂಬರ್ 31ರವರೆಗೆ ವಿಸ್ತರಣೆಯಾಯಿತು. ದಂಡವೆಲ್ಲ ಮನ್ನಾ, ಹೊರಹೋದವರ ಮೇಲೆ ಮರುಪ್ರವೇಶದ ನಿಷೇಧವಿಲ್ಲ, ಉಳಿಯುವವರಿಗೆ ದಾಖಲೆ ಸರಿಪಡಿಸಿಕೊಳ್ಳುವ ಅವಕಾಶ. ಇದು ಉದಾರವಾದ ಕ್ರಮ ಎಂಬುದರಲ್ಲಿ ಅನುಮಾನವಿಲ್ಲ. ಅಮೆರಿಕದಲ್ಲಿ ಒಂದು ವರ್ಷ ಅಕ್ರಮವಾಗಿ ಉಳಿದು ಹೊರಹೋದವರಿಗೆ 1996ರ ಕಾನೂನಿನಂತೆ ಹತ್ತು ವರ್ಷ ಪ್ರವೇಶವಿಲ್ಲ. ಅದರೊಡನೆ ಹೋಲಿಸಿದರೆ ಕೊಲ್ಲಿಯ ಕ್ಷಮೆ ಎಷ್ಟೋ ಮೃದು. ಪ್ರಜಾಪ್ರಭುತ್ವದ ಹೆಗ್ಗಳಿಕೆಯಲ್ಲಿ ಅಲ್ಲಿ ನೆಲೆಸಿರುವ ಕನ್ನಡಿಗರು ಕೊಲ್ಲಿಯ ಬಗ್ಗೆ ಮಾತನಾಡುವಾಗ ಇದನ್ನು ನೆನಪಿಡುವುದು ಒಳ್ಳೆಯದು.

ಆದರೆ ಆ ಕ್ಷಮೆಯಿಂದ ಹೊರಗುಳಿದವರು ಯಾರೆಂದು ನೋಡಬೇಕು. ಸೆಪ್ಟೆಂಬರ್ 1ರ ನಂತರ ಅವಧಿ ಮೀರಿದವರು ಅಥವಾ ಪರಾರಿ ದೂರಿಗೆ ಒಳಗಾದವರು, ದೇಶದೊಳಕ್ಕೆ ನುಸುಳಿ ಬಂದವರು, ಯುಎಇಯಿಂದ ಅಥವಾ ಕೊಲ್ಲಿಯ ಇತರ ರಾಷ್ಟ್ರಗಳಿಂದ ಗಡೀಪಾರಿನ ಆದೇಶ ಹೊತ್ತವರು. ಅಂದರೆ ಕ್ಷಮೆಯ ಗಡಿ ತಪ್ಪಿನ ಗಾತ್ರದ ಮೇಲೆ ನಿಂತಿರಲಿಲ್ಲ, ತಾರೀಕಿನ ಮೇಲೆ ನಿಂತಿತ್ತು. ಆಗಸ್ಟಿನಲ್ಲಿ ಸಿಕ್ಕಿಬಿದ್ದವಳಿಗೂ ಸೆಪ್ಟೆಂಬರಿನಲ್ಲಿ ಸಾಲಿನಲ್ಲಿ ನಿಂತವಳಿಗೂ ಇದ್ದ ವ್ಯತ್ಯಾಸ ಅದೊಂದೇ. ದಯೆಯನ್ನು ಕೇಳಿಕೊಳ್ಳಬಹುದು, ದಯೆಯ ವಿರುದ್ಧ ಮೇಲ್ಮನವಿ ಹೋಗಲಾಗದು. ಸಂಬಳ ಕೊಡದ ಮಾಲೀಕನ ಮನೆ ಬಿಟ್ಟು ಹೊರಬಂದದ್ದು ತಪ್ಪೇ ಅಲ್ಲ ಎಂದು ವಾದಿಸಲು ಕ್ಷಮಾದಾನದ ಕಿಟಕಿಯಲ್ಲಿ ಜಾಗವಿಲ್ಲ. ಅಲ್ಲಿ ತಪ್ಪೊಪ್ಪಿಕೊಂಡವರಿಗಷ್ಟೇ ಪ್ರವೇಶ. ಒಂದು ಸ್ವತಂತ್ರ ವಿಚಾರಣೆ, ಪರಾರಿ ದೂರಿನ ಹಿಂದಿನ ಸಂಬಳದ ಲೆಕ್ಕವನ್ನು ತೆರೆದು ನೋಡುವ ಒಂದು ಕ್ರಮ ಇದ್ದಿದ್ದರೆ ಇಬ್ಬರಿಗೂ ಕ್ಷಮೆ ಬೇಕಾಗುತ್ತಿರಲಿಲ್ಲ.

ಮೊದಲನೆಯವಳ ದಾರಿ ತೆರೆದಿದೆ ಎಂದಾಯಿತು. ಯಾವ ಬಾಗಿಲಿನಿಂದ?

ಅವರಿಬ್ಬರು ಮದುವೆಯಾಗದ ಸಂಗಾತಿಗಳಾದರೆ ಬಾಗಿಲು ಬಹಳ ಕಿರಿದು. 2020ರ ನವೆಂಬರಿನ ತಿದ್ದುಪಡಿಗಳಿಂದೀಚೆಗೆ ಮದುವೆಯಾಗದೆ ಒಟ್ಟಿಗೆ ಬಾಳುವುದು ಯುಎಇಯಲ್ಲಿ ತಾನಾಗಿ ಅಪರಾಧವಲ್ಲ. 2022ರ ಜನವರಿ 2ರಂದು ಜಾರಿಗೆ ಬಂದ ಹೊಸ ದಂಡಸಂಹಿತೆಯಲ್ಲಿ ಗಂಡನೋ ಪೋಷಕನೋ ದೂರು ಕೊಟ್ಟರೆ ಮಾತ್ರ ಪ್ರಕರಣ. ಆದರೆ ಅಪರಾಧವಲ್ಲ ಎನ್ನುವುದು ಬೇರೆ, ಸಂಬಂಧವೆಂದು ಒಪ್ಪುವುದು ಬೇರೆ. ವಾಸದ ವೀಸಾದ ಅರ್ಜಿಯಲ್ಲಿ 'ಸಂಗಾತಿ' ಎಂಬ ಕಲಮೇ ಇಲ್ಲ. ಸ್ನೇಹಿತರನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಳ್ಳಬಹುದು, ಆದರೆ ಅದಕ್ಕೆ 2025ರಲ್ಲಿ ಐಸಿಪಿ ಪ್ರಕಟಿಸಿದ ಕನಿಷ್ಠ ಆದಾಯ ತಿಂಗಳಿಗೆ 15,000 ದಿರ್ಹಂ. ಹೆಂಡತಿಗಾಗಿ ವಾಸದ ವೀಸಾ ಕೇಳಲು 4,000 ದಿರ್ಹಂ ಅಥವಾ ವಸತಿಯೊಡನೆ 3,000 ಸಾಕು. ಲೆಕ್ಕ ಬರೆಯುವ ಹುಡುಗನಿಗೆ ಗೆಳತಿಯನ್ನು ಎರಡು ತಿಂಗಳಿಗೆ ಕರೆಸುವುದು ಕೈಗೆಟುಕದು, ಮದುವೆಯಾದರೆ ಎರಡು ವರ್ಷ ಇಟ್ಟುಕೊಳ್ಳುವುದು ಎಟುಕುತ್ತದೆ. ಪ್ರೇಮಕ್ಕೆ ಇಷ್ಟು ನಿಖರವಾದ ದರಪಟ್ಟಿ ಬೇರೆಲ್ಲೂ ಸಿಗಲಿಕ್ಕಿಲ್ಲ.

2019ಕ್ಕೆ ಮೊದಲು ಕುಟುಂಬವನ್ನು ಕರೆಸಿಕೊಳ್ಳುವವನ ಹುದ್ದೆಯನ್ನೂ ನೋಡುತ್ತಿದ್ದರು. ಕೆಲವು ಕೆಲಸಗಳವರಿಗೆ ಸಂಬಳವಿದ್ದರೂ ಕುಟುಂಬದ ಭಾಗ್ಯವಿರಲಿಲ್ಲ. ಈಗ ಆದಾಯವೊಂದೇ ಅಳತೆ. ಹೆಂಡತಿಯೂ ಗಂಡನನ್ನು ಪ್ರಾಯೋಜಿಸಬಹುದು. ಬಾಡಿಗೆ ಕರಾರು ಇಜಾರಿಯಲ್ಲಿ ನೋಂದಣಿಯಾಗಿರಬೇಕು, ಆರೋಗ್ಯ ವಿಮೆ ಇರಬೇಕು, ಬಂದ ಮೇಲೆ ವೈದ್ಯಕೀಯ ತಪಾಸಣೆ. ಬೆಡ್‌ಸ್ಪೇಸಿನಲ್ಲಿ ಬದುಕುವವನಿಗೆ ಇಜಾರಿ ಎಂಬುದೇ ದೊಡ್ಡ ಗೋಡೆ: 4,500ರ ಸಂಬಳದಲ್ಲಿ ಬರ್ ದುಬೈಯಲ್ಲಿ ತನ್ನ ಹೆಸರಿಗೆ ಮನೆ ಹಿಡಿಯುವುದು ಹೇಗೆಂದು ಯಾವ ಸುತ್ತೋಲೆಯೂ ಹೇಳುವುದಿಲ್ಲ.

ಮದುವೆ ಎಲ್ಲಿ ಆಗಬೇಕು? ಊರಿನಲ್ಲಿ ವಿಶೇಷ ವಿವಾಹ ಕಾಯ್ದೆ, 1954ರ ಅಡಿಯಲ್ಲಿ ಆಗಬಹುದು. ಆ ಕಾಯ್ದೆಯಂತೆ ಇಬ್ಬರಲ್ಲಿ ಒಬ್ಬರು 30 ದಿನ ಆ ಜಿಲ್ಲೆಯಲ್ಲಿ ವಾಸವಿದ್ದು ನೋಟಿಸ್ ಕೊಡಬೇಕು, ನೋಟಿಸ್ ಗೋಡೆಯ ಮೇಲೆ 30 ದಿನ ಇರಬೇಕು. ಯುಎಇಯ ಕಾರ್ಮಿಕನಿಗೆ ಸಿಗುವ ವಾರ್ಷಿಕ ರಜೆ 30 ದಿನ. ಲೆಕ್ಕ ಕೂಡುವುದಿಲ್ಲ. ಅದರ ಮೇಲೆ, ಬೇರೆ ಧರ್ಮದ, ಬೇರೆ ದೇಶದ ಹುಡುಗಿಯ ಹೆಸರು ಕರಾವಳಿಯ ಉಪನೋಂದಣಿ ಕಚೇರಿಯ ಗೋಡೆಯ ಮೇಲೆ ತಿಂಗಳುಗಟ್ಟಲೆ ತೂಗುವುದರ ಅರ್ಥವೇನೆಂದು ಈ ಸಭೆಗೆ ವಿವರಿಸಬೇಕಾಗಿಲ್ಲ. ವಿಚಿತ್ರವೆಂದರೆ ಈ ವಿಷಯದಲ್ಲಿ ಅಬುಧಾಬಿ ಉಡುಪಿಗಿಂತ ಮುಂದಿದೆ. 2021ರ 14ನೆಯ ಕಾನೂನಿನಂತೆ ಅಲ್ಲಿನ ಸಿವಿಲ್ ಕುಟುಂಬ ನ್ಯಾಯಾಲಯದಲ್ಲಿ ಮುಸ್ಲಿಮೇತರ ವಿದೇಶಿಯರು, ಪ್ರವಾಸಿಗಳಾಗಿ ಬಂದವರೂ, ತಂದೆಯ ಒಪ್ಪಿಗೆ ಬೇಡದೆ, ಗೋಡೆಯ ನೋಟಿಸಿಲ್ಲದೆ ಮದುವೆಯಾಗಬಹುದು. 2023ರ ಫೆಬ್ರುವರಿಯಿಂದ ಇಂಥದೇ ಕಾನೂನು ಇಡೀ ದೇಶಕ್ಕೆ ಬಂದಿದೆ. ಜಾತ್ಯತೀತ ಸಂವಿಧಾನದ ದೇಶ ಒಡ್ಡುವ ಅಡ್ಡಿಯನ್ನು ಒಂದು ಅಮೀರಶಾಹಿ ತೆಗೆದುಹಾಕಿದೆ ಎಂಬುದು ಪ್ರಗತಿಪರರಿಗೆ ಮುಜುಗರದ ಸಂಗತಿ, ಮುಜುಗರವಾದರೂ ಸತ್ಯ.

ಅವಳ ಕಡೆಯ ತೊಡಕು ಬೇರೆ. ಫಿಲಿಪೀನ್ಸಿನಲ್ಲಿ ಮುಸ್ಲಿಮರನ್ನು ಬಿಟ್ಟು ಉಳಿದವರಿಗೆ ವಿಚ್ಛೇದನದ ಕಾನೂನೇ ಇಲ್ಲ. ಹದಿನೆಂಟರ ವಯಸ್ಸಿನಲ್ಲಿ ಆದ, ಎಂದೋ ಮುರಿದುಬಿದ್ದ ಮದುವೆಯೊಂದು ಅಲ್ಲಿನ ದಾಖಲೆಯಲ್ಲಿ ಜೀವಂತವಾಗಿಯೇ ಇರುತ್ತದೆ. ಹಾಗಿದ್ದರೆ ಅವಿವಾಹಿತೆಯೆಂಬ ಪ್ರಮಾಣಪತ್ರ ಸಿಗುವುದಿಲ್ಲ, ಅದಿಲ್ಲದೆ ಹೊಸ ಮದುವೆ ಇಲ್ಲ, ಮದುವೆ ಇಲ್ಲದೆ ವೀಸಾ ಇಲ್ಲ. ಮದುವೆಯನ್ನು ಆರಂಭದಿಂದಲೇ ಅಸಿಂಧುವೆಂದು ನ್ಯಾಯಾಲಯದಿಂದ ಹೇಳಿಸಲು ವರ್ಷಗಳೂ ಹಣವೂ ಬೇಕು. ಅದು ದಾಟಿದರೆ, ವಿದೇಶಿಯನನ್ನು ವರಿಸಿ ಹೊರಡುವವರಿಗೆ ಅಲ್ಲಿನ ಸರ್ಕಾರದ ಕಡ್ಡಾಯ ಸಮಾಲೋಚನೆ. ಅದೂ ಇಲ್ಲದೆ ಪ್ರವಾಸಿಯಂತೆ ಹೊರಟರೆ ಮನಿಲಾ ವಿಮಾನ ನಿಲ್ದಾಣದಲ್ಲೇ ತಡೆದು ಕೆಳಗಿಳಿಸುತ್ತಾರೆ. ಅವರ ಭಾಷೆಯಲ್ಲಿ 'ಆಫ್‌ಲೋಡ್', ಸರಕಿಗೆ ಬಳಸುವ ಮಾತು.

ಹೆಂಡತಿಯಾಗಿ ಬರುವ ದಾರಿಯಲ್ಲದೆ, ತನ್ನದೇ ಹೊಸ ಉದ್ಯೋಗದ ವೀಸಾದಲ್ಲಿ ಬರುವುದೂ ಅವಳಿಗೆ ಸಾಧ್ಯ. ಹಲವರು ಅದನ್ನೇ ಆರಿಸುತ್ತಾರೆ, ಮತ್ತು ಅದಕ್ಕೆ ಒಳ್ಳೆಯ ಕಾರಣವಿದೆ. ಹೆಂಡತಿಯ ವೀಸಾ ಗಂಡನ ಕೆಲಸದ ನೆರಳು. ಅವನ ಕೆಲಸ ಹೋದರೆ ಅವಳ ವಾಸವೂ ಹೋಗುತ್ತದೆ, ಅವನು ಮುನಿದು ರದ್ದುಮಾಡಿದರೂ ಹೋಗುತ್ತದೆ. ವಿಧವೆಯರಿಗೆ, ವಿಚ್ಛೇದಿತೆಯರಿಗೆ ಪ್ರಾಯೋಜಕನಿಲ್ಲದೆ ಒಂದು ವರ್ಷ ಉಳಿಯಲು 2018ರಲ್ಲಿ ಅವಕಾಶ ಕೊಟ್ಟದ್ದು ಈ ನೆರಳಿನ ಅಪಾಯವನ್ನು ಸರ್ಕಾರವೇ ಒಪ್ಪಿಕೊಂಡಂತೆ. ಒಮ್ಮೆ ಮಾಲೀಕನಿಂದ ಬಿಡಿಸಿಕೊಂಡು ಓಡಿದವಳು ಎರಡನೆಯ ಸಲ ಗಂಡನನ್ನು ಕಫೀಲನಾಗಿ ಪಡೆಯಲು ಹಿಂಜರಿದರೆ ಆಶ್ಚರ್ಯವಿಲ್ಲ.

ಇಷ್ಟೆಲ್ಲ ಬೇಡ, ಭಾರತಕ್ಕೇ ಹೋಗಿ ಬಾಳಲಿ ಎನ್ನುವವರುಂಟು. ಅಲ್ಲಿ ಹುಡುಗಿಯ ಪಾಸ್‌ಪೋರ್ಟಿನ ಮೇಲೆ ಎಲ್ಲವೂ ನಿಂತಿದೆ. ಅವಳು ನೇಪಾಳದವಳಾದರೆ 1950ರ ಒಪ್ಪಂದದಿಂದಾಗಿ ವೀಸಾದ ಮಾತೇ ಇಲ್ಲ. ಫಿಲಿಪೀನ್ಸಿನವಳಾದರೆ ಭಾರತೀಯನ ಹೆಂಡತಿಗೆ ಸಿಗುವ ಎಂಟ್ರಿ ವೀಸಾ. ಮದುವೆ ನೋಂದಣಿಯಾಗಿ ಎರಡು ವರ್ಷ ನಿರಂತರ ಉಳಿದ ಮೇಲೆ ಒಸಿಐ ಕಾರ್ಡಿಗೆ ಅರ್ಜಿ. ಬೇರೆ ದೇಶದಿಂದ ಗಡೀಪಾರಾಗಿದ್ದೀರಾ ಎಂದು ಭಾರತದ ವೀಸಾ ಅರ್ಜಿಯೂ ಕೇಳುತ್ತದೆ. ಮೊದಲನೆಯವಳು 'ಇಲ್ಲ' ಎಂದು ಸತ್ಯವಾಗಿ ಬರೆಯಬಹುದು, ಎರಡನೆಯವಳು ಬರೆಯಲಾರಳು. ಬಂದ ಮೇಲೆ ಅವಧಿ ಮೀರಿದರೆ, 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 3 ಲಕ್ಷ ರೂಪಾಯಿವರೆಗೆ ದಂಡ. ಓವರ್‌ಸ್ಟೇಗೆ ಜೈಲೆಂಬ ಮಾತು ಬರ್ ದುಬೈಗಿಂತ ಬೆಂಗಳೂರಿನಲ್ಲಿ ಹೆಚ್ಚು ನಿಜ.

ಪಾಕಿಸ್ತಾನದವಳಾದರೆ? ಇದು ದೂರದ ಪ್ರಶ್ನೆಯಲ್ಲ, ಭಟ್ಕಳದ ಪ್ರಶ್ನೆ. ಭಟ್ಕಳದ ನವಾಯತರ ಬಂಧುಗಳು ಕರಾಚಿಯಲ್ಲಿದ್ದಾರೆ. ಎರಡೂ ಕಡೆಯವರು ಸುಲಭವಾಗಿ ಭೇಟಿಯಾಗಬಹುದಾದ ಊರು ದುಬೈ. ಒಂದೇ ನವಾಯತಿ ಮಾತನಾಡುವ ಹುಡುಗ ಹುಡುಗಿಗೆ ಅಲ್ಲಿ ನೆಂಟಸ್ತಿಕೆ ಕೂಡಿದರೆ ಅದರಲ್ಲಿ ಅಸಹಜವಾದುದೇನೂ ಇಲ್ಲ. ಆ ದಂಪತಿಗೆ ದುಬೈಯಲ್ಲಿ ಒಂದೇ ಮನೆ ಸಾಧ್ಯ, ಭಟ್ಕಳದಲ್ಲಿ ದೀರ್ಘಾವಧಿ ವೀಸಾ ಎಂಬ ತೆಳ್ಳನೆಯ ಎಳೆ ಮಾತ್ರ. ಒಸಿಐ ಅವರಿಗಿಲ್ಲ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನಿಯರ ವೀಸಾಗಳನ್ನು ರದ್ದುಮಾಡಿದಾಗ ದೀರ್ಘಾವಧಿ ವೀಸಾದವರನ್ನು ಬಿಟ್ಟರು. ಆ ವಾರ ಕರಾವಳಿಯ ಎಷ್ಟು ಮನೆಗಳಲ್ಲಿ ಕಾಗದದ ಡಬ್ಬಿ ತೆರೆದು ತಾರೀಕು ನೋಡಿದರೋ. ಅಂಥ ಕುಟುಂಬಕ್ಕೆ ಗಂಡನ ದುಬೈ ಕೆಲಸ ಹೋಗುವುದೆಂದರೆ ಸಂಸಾರಕ್ಕೆ ಉಳಿದಿದ್ದ ಒಂದೇ ನೆಲ ಹೋದಂತೆ.

ಸಹಾಯಕ್ಕೆ ಯಾರಿದ್ದಾರೆ? ಭಾರತ ಸರ್ಕಾರದ ಸಮುದಾಯ ಕಲ್ಯಾಣ ನಿಧಿ 2009ರಿಂದ ಇದೆ. ಸಂಕಷ್ಟದಲ್ಲಿರುವ ಭಾರತೀಯರಿಗೆ ವಸತಿ, ಟಿಕೆಟು, ಕಾನೂನು ನೆರವು ಅದರಿಂದ ಸಿಗುತ್ತದೆ. ದೂರಿಗೆ 2015ರಿಂದ ಮದದ್ ಪೋರ್ಟಲ್ ಇದೆ. ಎರಡೂ ಇರುವುದು ಭಾರತದ ಪ್ರಜೆಗಳಿಗೆ. ಪ್ರಜೆಯ ವಿದೇಶಿ ಹೆಂಡತಿ ಆ ಲೆಕ್ಕದಲ್ಲಿ ಬರುವುದಿಲ್ಲ. ಕೇರಳ 1996ರಲ್ಲೇ ವಲಸಿಗರಿಗಾಗಿ ನೋರ್ಕಾ ಇಲಾಖೆ ತೆರೆಯಿತು, ಅದರ ಕಾನೂನು ನೆರವಿನ ಘಟಕ ಕೊಲ್ಲಿಯಲ್ಲೇ ಸಲಹೆಗಾರರನ್ನು ನೇಮಿಸಿಕೊಂಡಿದೆ. ಕರ್ನಾಟಕದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ, ಇಲಾಖೆ ಇಲ್ಲ. ಮಂಗಳೂರಿನ ಹುಡುಗ ಕಾಸರಗೋಡಿನ ರೂಂಮೇಟಿನ ಮೂಲಕ ಮಲಯಾಳಿ ವಕೀಲನನ್ನು ಹುಡುಕುವುದು ಇದರಿಂದಲೇ.

ಕೊಲ್ಲಿಯ ಕನ್ನಡ ಸಂಘಗಳು ರಾಜ್ಯೋತ್ಸವ ಮಾಡುತ್ತವೆ, ಯಕ್ಷಗಾನ ಆಡಿಸುತ್ತವೆ, ಮಂತ್ರಿಗಳಿಗೆ ಪೇಟ ತೊಡಿಸುತ್ತವೆ, ಸತ್ತವರ ದೇಹ ಊರಿಗೆ ಕಳಿಸಲು ರಾತ್ರಿಯೆಲ್ಲ ಓಡಾಡುತ್ತವೆ. ಕೊನೆಯದು ನಿಜಕ್ಕೂ ದೊಡ್ಡ ಕೆಲಸ. ಆದರೆ ದಾಖಲೆ ಸರಿಯಿಲ್ಲದ ಪರದೇಶದ ಹುಡುಗಿಯನ್ನು ಪ್ರೀತಿಸಿದವನು ಸಂಘದ ಅಂಗಳದಲ್ಲಿ ಬಾಯಿ ಬಿಡಲಾರ. ಅವನ ಭಯ ಬರೀ ಕಾನೂನಿನದಲ್ಲ. ಪರವಾನಗಿಯಿಲ್ಲದವರಿಗೆ ಕೆಲಸ ಕೊಟ್ಟವರಿಗೆ 2024ರ ಆಗಸ್ಟಿನ ತಿದ್ದುಪಡಿಯಂತೆ 1 ಲಕ್ಷದಿಂದ 10 ಲಕ್ಷ ದಿರ್ಹಂವರೆಗೆ ದಂಡವಿದೆ, ಆ ಭಯ ನ್ಯಾಯವಾದದ್ದೇ. ಅದಕ್ಕಿಂತ ಮೊದಲು ಬರುವುದು 'ಯಾವ ಜಾತಿಯವಳು' ಎಂಬ ಪ್ರಶ್ನೆಯ ಭಯ. ತಿಂಗಳಿಗೊಮ್ಮೆ ಬರ್ ದುಬೈಯ ಯಾವುದಾದರೂ ಹೋಟೆಲಿನ ಮೇಲ್ಮಹಡಿಯಲ್ಲಿ ಕನ್ನಡ ಬಲ್ಲ ಒಬ್ಬ ವಕೀಲ, ತಗಾಲಾಗ್ ಬಲ್ಲ ಒಬ್ಬ ಸಹಾಯಕಿ, ಹೆಸರು ಕೇಳದ ಒಂದು ಮೇಜು: ಇದರ ಖರ್ಚು ಒಂದು ಸನ್ಮಾನ ಸಮಾರಂಭದ ಹೂವಿನ ಖರ್ಚಿಗಿಂತ ಹೆಚ್ಚಾಗದು.

ಅಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಮಗುವಿನದು, ಏಕೆಂದರೆ ಅದರ ಗಡುವುಗಳು ಎಲ್ಲಕ್ಕಿಂತ ಚಿಕ್ಕವು. ಯುಎಇಯಲ್ಲಿ ಹುಟ್ಟಿದ ಮಗುವಿಗೆ 120 ದಿನಗಳೊಳಗೆ ವಾಸದ ವೀಸಾ ಆಗಬೇಕು. ಆಗದಿದ್ದರೆ ಮಗುವಿನ ಹೆಸರಿನಲ್ಲೂ ದಂಡ ಬೆಳೆಯುತ್ತದೆ. ತಂದೆ ಭಾರತೀಯನಾದರೆ ಹುಟ್ಟಿದ ಒಂದು ವರ್ಷದೊಳಗೆ ಕಾನ್ಸುಲೇಟಿನಲ್ಲಿ ನೋಂದಾಯಿಸಿ ಪೌರತ್ವ ಪಡೆಯಬೇಕು; ವರ್ಷ ದಾಟಿದರೆ ದೆಹಲಿಯ ಅನುಮತಿ. ಆ ನೋಂದಣಿಗೆ ಮಗುವಿನ ಬಳಿ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆ ತಾಯಿ ಇಬ್ಬರೂ ಬರೆದುಕೊಡಬೇಕು. ತಾಯಿ ಅಷ್ಟರಲ್ಲಿ ಗಡೀಪಾರಾಗಿದ್ದರೆ, ಅವಳ ಸಹಿಗಾಗಿ ಒಂದು ಕಾಗದ ಬರ್ ದುಬೈಯಿಂದ ಮನಿಲಾಕ್ಕೆ ಹೋಗಿ ಬರಬೇಕು, 365 ದಿನಗಳೊಳಗೆ.